ಸೋಫಾದ ಹಿಂದಿನ ಭಾನುವಾರಗಳು

ಎಲಿಕಾಟ್ ಸಿಟಿಯ ಅಂಕಲ್ ನಮ್ಮ ಮನೆಗೆ ಯಾವತ್ತೂ ಫೋನ್ ಮಾಡಿ ಬಂದವರಲ್ಲ. ಮೇರಿಲ್ಯಾಂಡಿನ ಆ ಊರಿನಿಂದ ವರ್ಜೀನಿಯಾದ ನಮ್ಮ ಫೇರ್‌ಫ್ಯಾಕ್ಸ್‌ಗೆ ಬೆಲ್ಟ್‌ವೇ ಹೆದ್ದಾರಿ ಹಿಡಿದು ಬರಲು ಒಳ್ಳೆಯ ದಿನವೇ ಒಂದು ಗಂಟೆ ಬೇಕು. ಆದರೂ ಭಾನುವಾರ ಮಧ್ಯಾಹ್ನ ನಾನು ತಲೆಗೆ ಎಣ್ಣೆ ಮೆತ್ತಿಕೊಂಡು ಹಳೇ ನೈಟಿಯಲ್ಲಿ ಕೂತ ಹೊತ್ತಿಗೆ ಸರಿಯಾಗಿ ಬೆಲ್ ಆಗುತ್ತಿತ್ತು. ಬಾಗಿಲು ತೆರೆದರೆ ಇಸ್ತ್ರಿ ಮಾಡಿದ ಶರ್ಟಿನ ಅಂಕಲ್, ಅವರ ಬೆನ್ನ ಹಿಂದೆ ಸಂಕೋಚದಿಂದ ನಗುತ್ತಾ ಆಂಟಿ, ಅಂಕಲ್ ಕೈಯಲ್ಲಿ ರವೆ ಉಂಡೆ ತುಂಬಿದ ನೀಲಿ ಬಿಸ್ಕೆಟ್ ಡಬ್ಬಿ.

"ಒಂದು ಕಾಲ್ ಮಾಡಬಾರದಾ ಅಂಕಲ್? ನಾವು ಇಲ್ದೇ ಇದ್ದಿದ್ರೆ?" ಅಂದರೆ, "ಇಲ್ದೇ ಇದ್ರೆ ಡಬ್ಬಿ ಇಟ್ಟು ಹೋಗ್ತಿದ್ದೆ. ನಮ್ಮವರ ಮನೆಗೆ ಬರೋಕೂ ಅಪಾಯಿಂಟ್‌ಮೆಂಟಾ? ಜೀವನ ಪೂರ್ತಿ ಡಾಕ್ಟ್ರಾಗಿ ಬೇರೆಯವರಿಗೆ ಕೊಟ್ಟಿದ್ದೇ ಸಾಕು" ಅನ್ನುತ್ತಿದ್ದರು. ಅವರು ನಮ್ಮ ನೆಂಟರೂ ಅಲ್ಲ, ಊರಿನವರೂ ಅಲ್ಲ. ಎಲ್ಲರೂ ಒಂದೊಂದು ಅಡುಗೆ ತರುವ ಒಂದು ಯುಗಾದಿ ಪಾಟ್‌ಲಕ್ಕಿನಲ್ಲಿ ಪುಳಿಯೋಗರೆಯ ಸಾಲಿನಲ್ಲಿ ನಿಂತಾಗ ಪರಿಚಯವಾದವರು.

ಕೋವಿಡ್ ಬಂದ ವರ್ಷವಾದರೂ ಈ ಭಾನುವಾರದ ದಂಡಯಾತ್ರೆ ನಿಂತೀತು ಅಂದುಕೊಂಡಿದ್ದೆ. ನಿಲ್ಲಲಿಲ್ಲ. ಮಾಸ್ಕ್ ಹಾಕಿಕೊಂಡು ಬಂದು, ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು, ಬೆಲ್ ಒತ್ತಿ, ಡ್ರೈವ್‌ವೇ ತುದಿಗೆ ಹೋಗಿ ತಾವೇ ತಂದ ಮಡಚುವ ಕುರ್ಚಿಯಲ್ಲಿ ಕೂರುತ್ತಿದ್ದರು. ನಾವು ಬಾಗಿಲಲ್ಲಿ, ಅವರು ಅಲ್ಲಿ, ಬೀದಿಗೆಲ್ಲ ಕೇಳುವಂತೆ ಮಾತು. "ಅಮ್ಮಾ, ಟಿನ್ ಅಂಕಲ್ ಈಸ್ ಹಿಯರ್" ಎಂದು ನನ್ನ ಮಗಳು ಮೇಲಿನ ಕಿಟಕಿಯಿಂದ ಕೂಗುತ್ತಿದ್ದಳು.

ಅಂಕಲ್ ಬಳಿ ಒಂದೇ ಒಂದು ಕತೆಯಿತ್ತು, ಅದನ್ನು ಅವರು ಎಲ್ಲರಿಗೂ ಹೇಳಿದ್ದರು. ಮೈಸೂರಿನಲ್ಲಿ ಡಾಕ್ಟರಿಕೆ ಓದಿ, ಅಮೆರಿಕಕ್ಕೆ ಬರುವ ಮುಂಚೆ, ಉತ್ತರ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರಂತೆ. ಮದುವೆಯಾಗಿರಲಿಲ್ಲ, ಪರಿಚಯದವರಿರಲಿಲ್ಲ. ಒಂದು ಸಂಜೆ ಆ ಊರಿನ ಥಿಯೇಟರಿನಲ್ಲಿ ನಾಟಕ ನೋಡಿ ಹೊರಬಂದಾಗ ಬಾಗಿಲಲ್ಲಿ ನಾಟಕಕಾರನೇ ನಿಂತಿದ್ದ. ಇವರು ಸೀದಾ ಹೋಗಿ ಮೂರನೇ ಅಂಕದಲ್ಲಿ ಏನು ಸರಿಯಿಲ್ಲ ಎಂದು ವಿವರಿಸಿದರು. ಆತ ತಾಳ್ಮೆಯಿಂದ ಕೇಳಿ, ಯಾವುದಾದರೂ ಭಾನುವಾರ ಖಂಡಿತ ಟೀಗೆ ಬನ್ನಿ ಅಂದ. ಮುಂದಿನ ಭಾನುವಾರವೇ ಅಂಕಲ್ ಹಾಜರು. ಅದರ ಮುಂದಿನ ಭಾನುವಾರವೂ. ಇಂಗ್ಲಿಷರು ಪುಡಿಂಗ್ ಮಾಡಲು ಕೊಳ್ಳುವ ರವೆಯಲ್ಲಿ ಉಂಡೆ ಕಟ್ಟಿ ಡಬ್ಬಿಯಲ್ಲಿ ಒಯ್ಯುತ್ತಿದ್ದರು. ಆ ಊರು ಬಿಡುವವರೆಗೂ, ಸುಮಾರು ಎರಡು ವರ್ಷ, ಇದೇ ಪದ್ಧತಿ. ಆ ನಾಟಕಕಾರ ಆಮೇಲೆ ಬ್ರಿಟನ್ನಿನಲ್ಲಿ ಬಹಳ ದೊಡ್ಡ ಹೆಸರಾದ.

ಈ ಕತೆ ಶುರುವಾದರೆ ಸಾಕು, ಕೂಟದಲ್ಲಿದ್ದವರೆಲ್ಲ ಪಾಯಸದ ಕಡೆ ಹೊರಡುತ್ತಿದ್ದರು. ಆಂಟಿಯೇ ಎಲ್ಲರಿಗಿಂತ ಮುಂದೆ. "ಹೂಂ, ಇವರ ಪ್ರಾಣಸ್ನೇಹಿತ. ಇವರ ಹೆಸರು ಹೇಳಿದ್ರೆ ಆ ಮಹಾನುಭಾವ ಯಾರಪ್ಪಾ ಅದು ಅಂತಾನೆ" ಎಂದು ಎಲ್ಲರೆದುರೂ ರೇಗಿಸುತ್ತಿದ್ದರು. ಅಂಕಲ್ ನಗುತ್ತಿದ್ದರು. ಆದರೆ ಆ ನಗು ಮುಗಿದ ಮೇಲೆ ತಟ್ಟೆ ನೋಡುತ್ತಾ ಕೂರುವುದನ್ನು ನಾನು ಗಮನಿಸಿದ್ದೆ.

ನನ್ನ ವಿಷಯವನ್ನೂ ಹೇಳಬೇಕು. ನಾನು ಟೀವಿಗೆ ಸಾಕ್ಷ್ಯಚಿತ್ರ ಎಡಿಟ್ ಮಾಡುವವಳು. ಯಾರೋ ತೆಗೆದದ್ದನ್ನು ಕತ್ತರಿಸಿ, ಹಿಂದುಮುಂದು ಮಾಡಿ, ಜೋಡಿಸಿ ಒಂದು ಕತೆಯಂತೆ ಕಾಣಿಸುವುದು ನನ್ನ ಕಸುಬು. ಲಂಡನ್ನಿನಲ್ಲಿ ಕಲಿತೆ, ಅಲ್ಲೇ ಬಹಳ ವರ್ಷ ದುಡಿದೆ. ಕವಿಗಳು, ಕಾದಂಬರಿಕಾರರು, ಮುಚ್ಚುವ ಹಂತಕ್ಕೆ ಬಂದ ಥಿಯೇಟರುಗಳು, ಇವೇ ನನ್ನ ಅನ್ನ. ಗಂಡನಿಗೆ ಫೇರ್‌ಫ್ಯಾಕ್ಸ್‌ನ ಯೂನಿವರ್ಸಿಟಿಯಲ್ಲಿ ಕೆಲಸ ಸಿಕ್ಕಿದ ಮೇಲೆ ಇಲ್ಲಿಗೆ ಬಂದು, ಮನೆಯ ಬೇಸ್‌ಮೆಂಟಿನಲ್ಲಿ ಕೂತು ಅದೇ ಲಂಡನ್ನಿನ ಕೆಲಸ ಮುಂದುವರಿಸಿದೆ. ಕಿಟಕಿಯಾಚೆ ವರ್ಜೀನಿಯಾದ ಹಿಮ, ಪರದೆಯ ಮೇಲೆ ಇಂಗ್ಲೆಂಡಿನ ಮಳೆ. ಎಲ್ಲಿದ್ದೇನೆ ಎನ್ನುವುದೇ ಎಷ್ಟೋ ಸಲ ಮರೆತುಹೋಗುತ್ತಿತ್ತು.

ಕೋವಿಡ್ಡಿನ ಎರಡನೇ ವರ್ಷ ಲಂಡನ್ನಿನ ನನ್ನ ಪ್ರೊಡ್ಯೂಸರ್ ವಿಡಿಯೋ ಕಾಲಿನಲ್ಲಿ ಹೊಸ ಚಿತ್ರದ ವಿಷಯ ಹೇಳಿದಳು. ತೀರಿಹೋದ ಒಬ್ಬ ನಾಟಕಕಾರನ ಬಗ್ಗೆ. ಹೆಸರು ಕೇಳಿ ನನ್ನ ಕಾಫಿ ಲೋಟ ಅಲ್ಲೇ ನಿಂತಿತು. ಅಂಕಲ್ ಕತೆಯ ನಾಟಕಕಾರ. ಅವನನ್ನು ಬಲ್ಲ ಒಬ್ಬರು ಇಲ್ಲೇ ಮೇರಿಲ್ಯಾಂಡಿನಲ್ಲಿದ್ದಾರೆ ಎಂದು ಬಾಯಿಬಿಟ್ಟೆ. ಅವಳಿಗೆ ಖುಷಿಯಾಯಿತು. ಅಲ್ಲಿಂದ ಯಾರೂ ವಿಮಾನ ಹತ್ತುವಂತಿರಲಿಲ್ಲವಾದ್ದರಿಂದ ಕ್ಯಾಮೆರಾ ಹೊತ್ತುಕೊಂಡು ನಾನೇ ಎಲಿಕಾಟ್ ಸಿಟಿಗೆ ಹೋದೆ.

ಅಂಕಲ್ ಟೈ ಕಟ್ಟಿಕೊಂಡು ಕೂತಿದ್ದರು. ನನ್ನ ಪ್ರಶ್ನೆಯನ್ನು ಆಮೇಲೆ ತೆಗೆದುಹಾಕುತ್ತೇವೆ, ಆದ್ದರಿಂದ ಉತ್ತರ ಪೂರ್ತಿ ವಾಕ್ಯದಲ್ಲಿರಬೇಕು ಎಂದೆ. ಅವರು ಪರೀಕ್ಷೆಗೆ ಕೂತ ಹುಡುಗನ ಹಾಗೆ ತಲೆಯಾಡಿಸಿ, ತಮ್ಮ ಹಳೆಯ ಕಾಲದ ಚೊಕ್ಕ ಇಂಗ್ಲಿಷಿನಲ್ಲಿ ಹೇಳಿದರು: ಪ್ರತಿ ಭಾನುವಾರ ಅವರು ನನಗಾಗಿ ಕಾಯುತ್ತಿದ್ದರು. ಮನೆಯಲ್ಲಿ ಯಾರೂ ಇಲ್ಲದ ಭಾನುವಾರ ನಾನು ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಬರುತ್ತಿದ್ದೆ. ಮುಂದಿನ ವಾರ ಹೋದರೆ ಡಬ್ಬಿ ತೊಳೆದು ಅದೇ ಮೆಟ್ಟಿಲ ಮೇಲೆ ಇಟ್ಟಿರುತ್ತಿದ್ದರು.

ಮೈಕು ಬಿಚ್ಚುವಾಗ ಕನ್ನಡಕ್ಕೆ ಬಂದರು. "ಅವರಿಗೆ ಮಕ್ಕಳಿದ್ರಮ್ಮ. ದೊಡ್ಡವಳು ಒಬ್ಳು ಹುಡುಗಿ, ಆರೋ ಏಳೋ ವರ್ಷ ಇರಬೇಕು ಆಗ. ಅವಳನ್ನೂ ಇಂಟರ್‌ವ್ಯೂ ಮಾಡ್ತೀರಾ?"

"ಮಾಡ್ತಾರೆ ಅಂಕಲ್, ಅಲ್ಲಿನವರು."

"ನನ್ನ ನೆನಪಿದ್ಯಾ ಅಂತ ಕೇಳ್ಸು. ಅಷ್ಟು ಸಾಕು." ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಇವಳು ಮದುವೆ ಆದಾಗಿಂದ ನಂಬಿಲ್ಲ. ಒಂದ್ಸಲ ಯಾರಾದ್ರೂ ಹೌದು ಅನ್ಬೇಕು. ನಾನೇನು ಸುಳ್ಳುಗಾರನಾ?"

ಕೇಳಿಸುತ್ತೇನೆ ಎಂದು ಮಾತು ಕೊಟ್ಟೆ. ಅಷ್ಟೇ ಸಾಕಾಯಿತು. ಆ ವಾರವೇ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಅಂಕಲ್ ಘೋಷಿಸಿಬಿಟ್ಟರು: ಚಿತ್ರ ಬಂದ ಮೇಲೆ ತಮ್ಮ ಬಡಾವಣೆಯ ಕ್ಲಬ್‌ಹೌಸಿನಲ್ಲಿ ಪ್ರದರ್ಶನ, ಎಲ್ಲರೂ ಬರಬೇಕು, ಊಟ ನಮ್ಮದು. ಕ್ಲಾರ್ಕ್ಸ್‌ಬರ್ಗ್‌ನ ಸಾಫ್ಟ್‌ವೇರ್ ಹುಡುಗರಿಂದ ಹಿಡಿದು ರಿಟೈರ್ ಆದ ಡಾಕ್ಟರುಗಳವರೆಗೆ ಎಲ್ಲರೂ ಹೆಬ್ಬೆರಳಿನ ಚಿಹ್ನೆ ಒತ್ತಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಆಂಟಿ ನನಗೆ ಫೋನ್ ಮಾಡಿ ಗೊಣಗಿದರು.

ನಾಟಕಕಾರನ ಮಗಳ ಇಂಟರ್‌ವ್ಯೂ ಕೆಲವು ವಾರಗಳ ನಂತರ ಬಂತು. ಬೇಸ್‌ಮೆಂಟಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ನೋಡಲು ಕೂತೆ. ಅರವತ್ತರ ಆಸುಪಾಸಿನ, ತಂದೆಯದೇ ಮೂಗಿನ ಹೆಂಗಸು. ಅವಳನ್ನು ಯಾರಾದರೂ ಕೇಳುವ ಮುಂಚೆ ತಾನೇ ಆ ಭಾರತೀಯ ಡಾಕ್ಟರನ ವಿಷಯ ತೆಗೆದಳು. ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ನೆನಪಿದೆ. ಅಂಕಲ್ ಗೆದ್ದರು.

ಆಮೇಲೆ ಅವಳು ಮುಂದುವರಿಸಿದಳು: ಅಪ್ಪ ಬಾಯಿಮಾತಿಗೆ ಬನ್ನಿ ಅಂದಿದ್ದರು, ಆತ ನಿಜವಾಗಿ ಬಂದುಬಿಟ್ಟ. ಬಹಳ ಒಳ್ಳೆಯವನು, ಆದರೆ ಏಳುತ್ತಲೇ ಇರಲಿಲ್ಲ. ಮೊದಮೊದಲು ಅಪ್ಪ ಕೂತು ಮಾತಾಡಿದರು. ಬೇಡ ಎನ್ನುವುದು ಅವರಿಗೆ ಬರುತ್ತಿರಲಿಲ್ಲ. ಕೊನೆಗೆ ಒಂದು ಆಟ ಕಂಡುಹಿಡಿದರು. ಭಾನುವಾರ ನಾಲ್ಕು ಗಂಟೆಗೆ ಬೆಲ್ ಆದ ತಕ್ಷಣ ಅಪ್ಪ, ನಾನು, ನನ್ನ ತಮ್ಮ ಸೋಫಾದ ಹಿಂದೆ ಕಾರ್ಪೆಟ್ಟಿನ ಮೇಲೆ ಮಲಗಿಬಿಡುತ್ತಿದ್ದೆವು. ಉಸಿರು ಬಿಡುವಂತಿಲ್ಲ. ಹೆಜ್ಜೆ ಸಪ್ಪಳ ದೂರವಾದ ಮೇಲೆ ಅಪ್ಪ ತೆವಳಿಕೊಂಡು ಹೋಗಿ ಡಬ್ಬಿ ತರುತ್ತಿದ್ದರು. ಅಲ್ಲೇ ನೆಲದ ಮೇಲೆ ಮಲಗಿಕೊಂಡೇ ಆ ಒಣದ್ರಾಕ್ಷಿಯ ಉಂಡೆ ತಿನ್ನುತ್ತಿದ್ದೆವು.

ಇಷ್ಟು ಹೇಳಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡು ಹೇಳಿದಳು: ವಾರವೆಲ್ಲ ಅಪ್ಪ ಬಾಗಿಲು ಹಾಕಿಕೊಂಡು ಬರೆಯುವವರು, ನಮಗೆ ಸಿಗುತ್ತಿರಲಿಲ್ಲ. ಅವರು ನಮ್ಮ ಪಕ್ಕ ಮಲಗುತ್ತಿದ್ದುದು ಆ ಅರ್ಧ ಗಂಟೆ ಮಾತ್ರ. ಆತ ಬರಲಿ ಎಂದು ನಾವು ವಾರವಿಡೀ ಕಾಯುತ್ತಿದ್ದೆವು. ಡಬ್ಬಿಯನ್ನು ಅಪ್ಪನೇ ತೊಳೆದು ಹೊರಗಿಡುತ್ತಿದ್ದರು, ಯಾಕೆಂದು ನಾನು ಕೇಳಲಿಲ್ಲ.

ನನಗೆ ಮೊದಲು ನಗು ಬಂತು. ಒಬ್ಬಳೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಟೈ ಕಟ್ಟಿ ಕೂತ ಅಂಕಲ್ ಮುಖ ಪಕ್ಕದ ಪರದೆಯಲ್ಲಿ ಕಾಣಿಸಿತು. ಹೆಡ್‌ಫೋನ್ ತೆಗೆದಿಟ್ಟೆ. ಇಂಗ್ಲಿಷರ ಬನ್ನಿ ಅನ್ನುವ ಮಾತು ಬರುವವರಿಗಲ್ಲ, ಹೊರಡುವವರಿಗೆ ಹೇಳುವುದು. ಅದನ್ನು ಕಲಿಯಲು ನನಗೂ ಲಂಡನ್ನಿನಲ್ಲಿ ಕೆಲವು ಬಾಗಿಲು ತಟ್ಟಬೇಕಾಗಿತ್ತು. ಅಂಕಲ್ ಕಲಿಯಲೇ ಇಲ್ಲ. ಕಲಿಸುವವರು ಸೋಫಾದ ಹಿಂದೆ ಮಲಗಿದ್ದರು.

ಆದರೆ ಆ ಡಬ್ಬಿ? ನನ್ನ ತಲೆ ಕೆಟ್ಟದ್ದು ಅಲ್ಲಿ. ಬರಬೇಡ ಎನ್ನುವವನು ಡಬ್ಬಿ ತೊಳೆದು ಹೊರಗಿಡುತ್ತಾನೆಯೇ? ನಮ್ಮ ಕಡೆ ಡಬ್ಬಿ ವಾಪಸ್ ಬಂತೆಂದರೆ ಮತ್ತೆ ತಾ ಎಂದೇ ಲೆಕ್ಕ. ಆತನಿಗೆ ಅದು ಬರೀ ಇನ್ನೊಬ್ಬರ ವಸ್ತು ಇಟ್ಟುಕೊಳ್ಳಬಾರದೆಂಬ ಸಭ್ಯತೆಯೋ, ಇಲ್ಲಾ ಅವನಿಗೂ ಆ ಭಾನುವಾರ ಬೇಕಿತ್ತೋ? ಕೇಳೋಣವೆಂದರೆ ಆತ ಸತ್ತಿದ್ದ. ಎಷ್ಟು ಸಲ ಹಿಂದಕ್ಕೆ ಓಡಿಸಿ ನೋಡಿದರೂ ಮಗಳು ಅದೇ ಮಾತು ಹೇಳುತ್ತಿದ್ದಳು.

ಪ್ರೊಡ್ಯೂಸರಿಗೆ ಯಾವ ಗೊಂದಲವೂ ಇರಲಿಲ್ಲ. ಮೊದಲು ಅಂಕಲ್ ಮಾತು, ಪ್ರತಿ ಭಾನುವಾರ ಅವರು ನನಗಾಗಿ ಕಾಯುತ್ತಿದ್ದರು ಎನ್ನುವುದು. ತಕ್ಷಣ ಮಗಳು, ಸೋಫಾದ ಹಿಂದೆ ಮಲಗುತ್ತಿದ್ದೆವು ಎನ್ನುವುದು. ಹಾಗೆ ಜೋಡಿಸು ಎಂದಳು. ಜೋಡಿಸಿದೆ. ಅಂಥ ಚುರುಕಾದ ಕಟ್ ನನ್ನ ಕೈಯಿಂದ ಹಿಂದೆ ಬಂದದ್ದಿಲ್ಲ. ಅಂಕಲ್ ಮುಖದ ಮೇಲೆ ಹೆಮ್ಮೆ ಇನ್ನೂ ಆರುವ ಮುಂಚೆ ಅವಳ ನಗು ಬಂದು ಬೀಳುತ್ತಿತ್ತು. ನೋಡಿದವರು ನಗದೇ ಇರಲು ಸಾಧ್ಯವಿರಲಿಲ್ಲ. ಕ್ಲಬ್‌ಹೌಸಿನಲ್ಲಿ ಅಂಕಲ್ ಹಾಕಿದ ಊಟ ಉಂಡು ಎಲ್ಲರೂ ಅಂಕಲ್‌ರನ್ನೇ ನೋಡಿ ನಗುತ್ತಾರೆ. ಆಂಟಿಗೆ ಇನ್ನು ಸಾಯುವ ತನಕ ರೇಗಿಸಲು ವಸ್ತು ಸಿಕ್ಕಿತು.

ಇದು ಅವರನ್ನು ಗೇಲಿ ಮಾಡಿದಂತಲ್ಲವೇ ಎಂದು ಪ್ರೊಡ್ಯೂಸರನ್ನು ಕೇಳಿದೆ. ಛೆ, ಎಷ್ಟು ಮುದ್ದಾಗಿ ಕಾಣುತ್ತಾರೆ, ನೋಡಿದವರಿಗೆಲ್ಲ ಅವರ ಮೇಲೆ ಪ್ರೀತಿಯೇ ಬರುತ್ತದೆ ಎಂದಳು. ಅವಳು ಕೆಟ್ಟವಳಲ್ಲ. ಬಹುಶಃ ಅವಳ ಮಾತೇ ಸರಿಯಿರಬಹುದು. ನನಗೇ ಗೊತ್ತಾಗುತ್ತಿರಲಿಲ್ಲ. ಅಂಕಲ್‌ರನ್ನು ತೆಗೆದೇಬಿಟ್ಟರೆ ಅವರು ಸುಳ್ಳುಗಾರರಾಗಿಯೇ ಉಳಿಯುತ್ತಾರೆ. ಮಗಳನ್ನು ತೆಗೆದರೆ ಚಿತ್ರದ ಜೀವವೇ ಹೋಗುತ್ತದೆ. ಇಬ್ಬರನ್ನೂ ಇಟ್ಟರೆ ಈ ಗತಿ. ಬಾಯಲ್ಲಿ ಬಿಸಿತುಪ್ಪ ಹಾಕಿಕೊಂಡು ಕೂತೆ.

ಅಷ್ಟರಲ್ಲಿ ಅಂಕಲ್ ಎರಡು ಡೋಸ್ ಲಸಿಕೆ ಹಾಕಿಸಿಕೊಂಡು ಮನೆಯೊಳಕ್ಕೇ ಬರಲು ಶುರುಮಾಡಿದ್ದರು. ಷೂ ಬಿಚ್ಚುವ ಮುಂಚೆ ಪ್ರಶ್ನೆ. "ಆ ಹುಡುಗಿ ಏನಂದ್ಲಮ್ಮ?"

"ಎಡಿಟಿಂಗ್ ನಡೀತಿದೆ ಅಂಕಲ್. ಕಾಫಿ ಕುಡೀತೀರಾ?"

ಅವರು ಹೋದ ಮೇಲೆ ಗಂಡ ನನ್ನನ್ನು ತರಾಟೆಗೆ ತೆಗೆದುಕೊಂಡ. "ಪ್ರತಿ ವಾರ ಕಾಫಿ ಕೊಟ್ಟು ಎಷ್ಟು ದಿನ ತಳ್ತೀಯಾ? ಹೋಗಿ ತೋರಿಸ್ಬಿಡು."

"ಟೀವೀಲಿ ಏರ್ ಆಗೋಕ್ ಮುಂಚೆ ತೋರ್ಸೋ ಹಾಗಿಲ್ಲ. ರೂಲ್ಸ್."

"ಹಾಗಾದ್ರೆ ಕ್ಲಬ್‌ಹೌಸಲ್ಲಿ ಎಲ್ಲರ ಮುಂದೆ ನೋಡ್ಲಿ ಬಿಡು" ಅಂದ ಅವನು.

ಮರುದಿನವೇ ಲ್ಯಾಪ್‌ಟಾಪ್ ಎತ್ತಿಕೊಂಡು, ರೂಲ್ಸನ್ನು ಗಾಳಿಗೆ ತೂರಿ, ಫೋನೂ ಮಾಡದೆ ಎಲಿಕಾಟ್ ಸಿಟಿಗೆ ಡ್ರೈವ್ ಮಾಡಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಅಭ್ಯಾಸ ಮಾಡಿದೆ. ಅಂಕಲ್ ಬಾಗಿಲು ತೆರೆದು "ಬಾ ಬಾ" ಎಂದು ಅಷ್ಟು ಖುಷಿಯಾಗಿ ಕರೆದರು, ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಯಿತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಆ ಭಾಗ ಹಾಕಿದೆ. ಆಂಟಿ ಸೌಟು ಹಿಡಿದೇ ಬಂದು ಅವರ ಕುರ್ಚಿಯ ಹಿಂದೆ ನಿಂತರು.

ಮುಗಿದ ಮೇಲೆ ಮೊದಲು ಬಾಯಿ ತೆರೆದದ್ದು ಆಂಟಿ.

"ಹಾಗಾದ್ರೆ ನಿಜವಾಗ್ಲೂ ಆ ಮನೆಗೆ ಹೋಗ್ತಿದ್ರಿ ನೀವು" ಅಂದರು. ಅವರ ದನಿಯಲ್ಲಿ ರೇಗಿಸುವುದು ಒಂಚೂರೂ ಇರಲಿಲ್ಲ.

ಅಂಕಲ್ ಅವರ ಕಡೆ ತಿರುಗಲಿಲ್ಲ. "ಇನ್ನೊಂದ್ಸಲ ಹಾಕಮ್ಮ" ಅಂದರು. ಹಾಕಿದೆ. ಈ ಸಲ ಅವರು ತಮ್ಮ ಮುಖವನ್ನು ನೋಡಲೇ ಇಲ್ಲ, ಆ ಹೆಂಗಸಿನ ಮಾತು ಬಂದಾಗ ಮಾತ್ರ ಮುಂದಕ್ಕೆ ಬಾಗಿದರು.

"ಉಂಡೆ ತಿಂದ್ರಂತಲ್ಲ" ಅಂದರು ಆಮೇಲೆ. "ಎಸೀತಾರೇನೋ ಅಂತ ಅನುಮಾನ ಇತ್ತು ನಂಗೆ. ಆ ರವೆ ಸರಿಯಾಗಿ ಹುರಿಯೋಕೆ ಬರ್ತಿರ್ಲಿಲ್ಲ ಆಗ."

"ಅಂಕಲ್, ನಿಮಗೆ ಬೇಜಾರಾಗಿದ್ರೆ ಹೇಳಿ. ನಿಮ್ಮ ಭಾಗ ತೆಗೆಸ್ತೀನಿ. ಜಗಳ ಆಡಿಯಾದ್ರೂ ತೆಗೆಸ್ತೀನಿ."

"ಯಾಕೆ ತೆಗೀತೀಯಾ? ಆ ಹುಡುಗೀದು ಮೊದಲು ಹಾಕು. ನಂದು ಆಮೇಲೆ ಹಾಕು."

ಅರ್ಥವಾಗಲಿಲ್ಲ. ಅವರು ಹೇಳಿದರೆಂದು ಅಲ್ಲೇ ಎರಡು ತುಂಡುಗಳನ್ನು ಅದಲುಬದಲು ಮಾಡಿ ಹಾಕಿದೆ. ಮಗಳು ಸೋಫಾದ ಹಿಂದೆ ಮಲಗುತ್ತಿದ್ದುದನ್ನು ಹೇಳಿದಳು, ನಕ್ಕಳು, ಕಣ್ಣೊರೆಸಿಕೊಂಡಳು, ಆತ ಬರಲಿ ಎಂದು ವಾರವಿಡೀ ಕಾಯುತ್ತಿದ್ದೆವು ಎಂದಳು. ಆಮೇಲೆ ಅಂಕಲ್ ಬಂದು, ಟೈ ಕಟ್ಟಿಕೊಂಡು, ಪ್ರತಿ ಭಾನುವಾರ ಅವರು ನನಗಾಗಿ ಕಾಯುತ್ತಿದ್ದರು ಎಂದರು.

ಅವರ ಮಾತಿನಲ್ಲಿ ನಗುವಂಥದ್ದು ಏನೂ ಉಳಿದಿರಲಿಲ್ಲ. ಇಷ್ಟು ವರ್ಷ ಇದೇ ಕಸುಬು ಮಾಡಿದ ನನಗೇ ಇದು ಹೊಳೆದಿರಲಿಲ್ಲ.

"ಕಾಯ್ತಿದ್ದಿದ್ದಂತೂ ನಿಜ ತಾನೆ" ಎಂದು ಅಂಕಲ್ ನಕ್ಕು ಎದ್ದು ಕನ್ನಡಕ ಒರೆಸಿಕೊಳ್ಳುತ್ತಾ ಕಿಟಕಿಯ ಹತ್ತಿರ ಹೋದರು. ಆ ನಗು ಎಂಥದ್ದೆಂದು ನನಗೆ ಗೊತ್ತಾಗಲಿಲ್ಲ. ನೋವಾಯಿತೋ, ಸಮಾಧಾನವಾಯಿತೋ, ಇಲ್ಲಾ ಆ ಭಾನುವಾರಗಳಲ್ಲೇ ಅವರಿಗೆ ಸ್ವಲ್ಪ ಅನುಮಾನವಿತ್ತೋ? ಮುಖ ನೋಡಿ ಮನಸ್ಸು ಓದುವುದೇ ನನ್ನ ಕೆಲಸ, ಆದರೆ ಅವರು ಮುಖ ತೋರಿಸಲಿಲ್ಲ. ಆಂಟಿ ಕಾಫಿ ಮಾಡಲು ಒಳಗೆ ಹೋದರು.

ಪ್ರೊಡ್ಯೂಸರ್ ಹೊಸ ಜೋಡಣೆ ನೋಡಿ, ತಮಾಷೆ ಹೋಯಿತು, ಆದರೆ ಹೀಗೇ ಇರಲಿ ಎಂದಳು. ಚಿತ್ರ ಬಂತು. ಕ್ಲಬ್‌ಹೌಸಿನಲ್ಲಿ ಬಿಸಿಬೇಳೆ ಬಾತು, ಮೊಸರನ್ನ, ಮೂರು ಬಗೆಯ ಸಿಹಿ. ಸೋಫಾದ ಮಾತು ಬಂದಾಗ ಜನ ನಕ್ಕರು, ಅಂಕಲ್ ಮಾತು ಬಂದಾಗ ಸುಮ್ಮನಾದರು, ಮುಗಿದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಂಟಿ ಎಲ್ಲರ ಬಳಿ ಹೋಗಿ "ನಾನೇ ನಂಬಿರ್ಲಿಲ್ಲ ನೋಡಿ" ಎಂದು ಹೇಳಿದ್ದೇ ಹೇಳಿದ್ದು. ಅಂಕಲ್ ಎಲ್ಲರ ಕೈಗೂ ರವೆ ಉಂಡೆ ಕೊಟ್ಟರು. ಉಳಿದ ಉಂಡೆಗಳನ್ನು ಡಬ್ಬಿ ಸಮೇತ ನನ್ನ ಕೈಗೆ ತುರುಕಿದರು. ನಾನು ಹಗುರಾಗಿ ಮನೆಗೆ ಬಂದೆ.

ಮುಂದಿನ ಭಾನುವಾರ ಬೆಲ್ ಆಗಲಿಲ್ಲ. ದಣಿದಿರುತ್ತಾರೆ ಅಂದುಕೊಂಡೆ. ಅದರ ಮುಂದಿನ ಭಾನುವಾರವೂ ಆಗಲಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡು, ಕಿವಿ ಬಾಗಿಲ ಕಡೆಯೇ ಇಟ್ಟುಕೊಂಡು ಕೂತಿದ್ದೆ. ಬಂದರೆ ಬೈಯುತ್ತಿದ್ದವಳು ಬರದಿದ್ದರೆ ಹೀಗೆ ಚಡಪಡಿಸುವುದು ಯಾವ ನ್ಯಾಯ ಎಂದು ನನ್ನ ಮೇಲೇ ಸಿಟ್ಟು ಬಂತು.

ಇನ್ನೊಂದು ಭಾನುವಾರ ಬೆಳಿಗ್ಗೆ ಫೋನ್ ಬಂತು. ಅಂಕಲ್.

"ಏನಮ್ಮ, ಬ್ಯುಸಿ ಇದೀಯಾ? ಇವತ್ತು ಮಧ್ಯಾಹ್ನ ಆ ಕಡೆ ಬರಬಹುದಾ ಅಂತ ಕೇಳೋಣ ಅಂತ. ತೊಂದ್ರೆ ಆದ್ರೆ ಬೇಡ."

ಅವರ ಬಾಯಲ್ಲಿ ಆ ಮಾತು ನಾನು ಯಾವತ್ತೂ ಕೇಳಿರಲಿಲ್ಲ. "ಬನ್ನಿ ಅಂಕಲ್. ಅದನ್ನ ಬೇರೆ ಕೇಳ್ಬೇಕಾ?" ಅಂದೆ.

"ನಿಜವಾಗ್ಲೂ ಬರ್ಲಾಮ್ಮ," ಅಂದರು, "ಇಲ್ಲಾ ಸುಮ್ನೆ ಹೇಳ್ತಿದೀಯಾ?"

ನಾನು ಇನ್ನೊಂದು ಸಲ ಬನ್ನಿ ಅಂದರೂ ಅದು ಆ ಥಿಯೇಟರಿನ ಬಾಗಿಲಲ್ಲಿ ಕೇಳಿದ ಮಾತಿನ ಹಾಗೇ ಕೇಳಿಸುತ್ತದೆ ಅನ್ನಿಸಿತು. "ನೀವು ಅಲ್ಲೇ ಇರಿ ಅಂಕಲ್, ನಾನೇ ಬಂದು ಕರ್ಕೊಂಡ್ ಬರ್ತೀನಿ" ಎಂದು ಅವರು ಬೇಡ ಅನ್ನುವ ಮುಂಚೆ ಇಟ್ಟುಬಿಟ್ಟೆ. ಅವರ ನೀಲಿ ಡಬ್ಬಿ ತೊಳೆದು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೆ. ಖಾಲಿ ಕೊಡಬಾರದೆಂದು ಮನೆಯಲ್ಲಿದ್ದ ಕೋಡುಬಳೆ ತುಂಬಿ, ಎಣ್ಣೆಯ ತಲೆಗೆ ಸ್ಕಾರ್ಫ್ ಸುತ್ತಿಕೊಂಡು, ಕಾರಿನ ಕೀ ಹುಡುಕತೊಡಗಿದೆ.